ಪಾಡ್‌ಕಾಸ್ಟ್‌ಗೆ ಯಾವ ಸಾಫ್ಟ್‌ವೇರ್? ಕತ್ತರಿ ನೋಡಿ ಆರಿಸಿ

ಪುಸ್ತಕ, ಇತಿಹಾಸ, ಕೃಷಿ, ಕಾನೂನು, ಆರೋಗ್ಯ ಹೀಗೆ ನಾನಾ ವಿಷಯಗಳ ಪಾಡ್‌ಕಾಸ್ಟ್‌ಗಳು ಈಗ ಕನ್ನಡದಲ್ಲಿ ಬರುತ್ತಿವೆ. ಹೊಸದಾಗಿ ಶುರು ಮಾಡಬೇಕೆಂದುಕೊಂಡವರಿಗೆ ಮೈಕ್ ಕೊಂಡ ಮೇಲೆ ಎದುರಾಗುವ ಪ್ರಶ್ನೆ ಒಂದೇ: ರೆಕಾರ್ಡ್ ಮಾಡಿದ್ದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಬೇಕು, ಯಾವುದರಲ್ಲಿ ಮಾಸ್ಟರಿಂಗ್ ಮಾಡಬೇಕು? ಹುಡುಕಿದರೆ ಹೆಸರುಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ಆಡಾಸಿಟಿ, ರೀಪರ್, ಅಡೋಬಿ ಆಡಿಷನ್, ಗ್ಯಾರೇಜ್‌ಬ್ಯಾಂಡ್, ಹಿಂಡನ್‌ಬರ್ಗ್, ಪ್ರೊ ಟೂಲ್ಸ್, ಡಿಸ್ಕ್ರಿಪ್ಟ್. ಒಂದೊಂದರ ಪಕ್ಕದಲ್ಲೂ ಅದರಲ್ಲಿರುವ ಎಫೆಕ್ಟ್‌ಗಳ ವಿವರ, ಬೆಲೆ. ದುಬಾರಿಯಾದದ್ದೇ ಒಳ್ಳೆಯ ಧ್ವನಿ ಕೊಡುತ್ತದೆ ಎಂಬ ಭಾವನೆ ಇಂಥ ಪಟ್ಟಿ ನೋಡಿದವರಿಗೆ ಬರುವುದು ಸಹಜ. ನನ್ನ ವಾದ ಬೇರೆ. ಮಾತಿನ ಪಾಡ್‌ಕಾಸ್ಟ್‌ನಲ್ಲಿ ಧ್ವನಿಯ ಗುಣಮಟ್ಟ ಬಹುಮಟ್ಟಿಗೆ ಸಾಫ್ಟ್‌ವೇರ್ ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಕೊನೆಯಲ್ಲಿ ಬರುವ ಮಾಸ್ಟರಿಂಗ್ ಒಂದು ಅಳತೆಯ ಕೆಲಸ, ಅದನ್ನು ಈ ಪಟ್ಟಿಯ ಹೆಚ್ಚುಕಡಿಮೆ ಯಾವ ಸಾಫ್ಟ್‌ವೇರ್‌ನಲ್ಲಿ ಬೇಕಾದರೂ ಮುಗಿಸಬಹುದು. ಇವೆರಡರ ನಡುವೆ ಇರುವುದು ಕತ್ತರಿಸಿ ಜೋಡಿಸುವ ಕೆಲಸ. ಪಾಡ್‌ಕಾಸ್ಟ್ ಮಾಡುವವರ ಗಂಟೆಗಳು ಖರ್ಚಾಗುವುದು ಅಲ್ಲಿ. ಆದ್ದರಿಂದ ಆಯ್ಕೆಯ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ಸಾಫ್ಟ್‌ವೇರಿನ ಕತ್ತರಿಯನ್ನು, ಎಫೆಕ್ಟ್‌ಗಳನ್ನಲ್ಲ.

ಮೊದಲ ಮಾತನ್ನು ಪರೀಕ್ಷೆಗೆ ಒಡ್ಡಬಹುದು. ಒಂದೇ ರೆಕಾರ್ಡಿಂಗನ್ನು ಉಚಿತವಾದ ಒಂದು ಸಾಫ್ಟ್‌ವೇರ್‌ನಲ್ಲೂ ದುಬಾರಿಯಾದ ಇನ್ನೊಂದರಲ್ಲೂ ತೆರೆಯಿರಿ. ಯಾವ ಎಫೆಕ್ಟನ್ನೂ ಹಾಕದೆ ಎರಡರಿಂದಲೂ 32 ಬಿಟ್ ವೇವ್ ಫೈಲ್ ಹೊರತೆಗೆಯಿರಿ. ಎರಡನ್ನೂ ಒಂದರ ಕೆಳಗೆ ಒಂದು ಟ್ರ್ಯಾಕ್ ಆಗಿ ಜೋಡಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ನುಡಿಸಿ. ಎರಡೂ ಒಂದನ್ನೊಂದು ಅಳಿಸಿಹಾಕಿ ನಿಶ್ಶಬ್ದ ಉಳಿಯುತ್ತದೆ. ಅಂದರೆ ಎರಡು ಫೈಲ್‌ಗಳಲ್ಲಿ ಇರುವುದು ಅವೇ ಅಂಕಿಗಳು. ಡಿಜಿಟಲ್ ಧ್ವನಿ ಎಂದರೆ ಅಂಕಿಗಳ ಸಾಲು. ಅದನ್ನು ಕೂಡಿಸುವ ಗಣಿತ ಬೆಲೆಗೆ ತಕ್ಕಂತೆ ಬದಲಾಗುವುದಿಲ್ಲ. ಕೇಳುಗನ ಕಿವಿಗೆ ತಟ್ಟುವ ವ್ಯತ್ಯಾಸ ಹುಟ್ಟುವುದು ಬೇರೆ ಕಡೆ. ಬರಿ ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿಗಳ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಮರಳಿ ಬಂದು ಮೈಕ್ ಸೇರುತ್ತದೆ. ಹೀಗೆ ಮಾತಿನ ಜೊತೆ ಬೆರೆತ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿ ಬೇರ್ಪಡಿಸುವುದು ಇಂದಿಗೂ ಕಷ್ಟ. ಅದೇ ಕೋಣೆಗೆ ದಪ್ಪ ಪರದೆ, ಹಾಸಿಗೆ, ಬಟ್ಟೆ ತುಂಬಿದ ಬೀರು ಬಂದರೆ ಧ್ವನಿ ಬದಲಾಗುತ್ತದೆ. ಬಾಯಿಂದ ಮೈಕಿನ ದೂರವನ್ನು ಎರಡು ಗೇಣಿನಿಂದ ಒಂದು ಗೇಣಿಗೆ ಇಳಿಸಿದರೆ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಪೈಸೆ ಖರ್ಚಿಲ್ಲದ ಈ ಲಾಭವನ್ನು ಸದ್ದು ಕಳೆಯುವ ದುಬಾರಿ ಪ್ಲಗಿನ್ ಕೂಡ ಇಷ್ಟು ಶುದ್ಧವಾಗಿ ಕೊಡಲಾರದು.

ಇನ್ನು ಮಾಸ್ಟರಿಂಗ್. ಸಂಗೀತದ ಆಲ್ಬಂಗಳ ಕಾರಣ ಈ ಪದಕ್ಕೆ ಒಂದು ಬಗೆಯ ಗೌರವ, ನಿಗೂಢತೆ ಅಂಟಿಕೊಂಡಿದೆ. ಪಾಡ್‌ಕಾಸ್ಟ್ ಮಟ್ಟಿಗೆ ಅದರ ಮುಖ್ಯ ಕೆಲಸ ಒಂದೇ, ಕೇಳುಗ ವಾಲ್ಯೂಮ್ ಗುಂಡಿಗೆ ಮತ್ತೆ ಮತ್ತೆ ಕೈ ಹಾಕಬೇಕಾಗದಂತೆ ನೋಡಿಕೊಳ್ಳುವುದು. ಕಿವಿಗೆ ಒಂದು ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಅಳೆಯುವ ವಿಧಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಮಾನಕವಾಗಿ ಪ್ರಕಟಿಸಿತು. ಅದರ ಆಧಾರದ ಮೇಲೆ ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ರೇಡಿಯೋ ಮತ್ತು ಟಿವಿ ಕಾರ್ಯಕ್ರಮಗಳಿಗೆ ಮೈನಸ್ 23 ಎಲ್‌ಯುಎಫ್‌ಎಸ್ (ಈ ಅಳತೆಯ ಏಕಮಾನ) ಎಂಬ ಮಟ್ಟ ಗೊತ್ತುಮಾಡಿತು. ಫೋನು, ಇಯರ್‌ಫೋನಿನಲ್ಲಿ, ಅದೂ ಬಸ್ಸು ರೈಲುಗಳ ಗದ್ದಲದ ನಡುವೆ ಕೇಳುವವರಿಗೆ ಆ ಮಟ್ಟ ಸಾಲದು. ಆ್ಯಪಲ್ ತನ್ನ ಪಾಡ್‌ಕಾಸ್ಟ್ ವೇದಿಕೆಗೆ ಮೈನಸ್ 16 ಎಲ್‌ಯುಎಫ್‌ಎಸ್ ಆಸುಪಾಸಿನ ಮಟ್ಟವನ್ನು ಶಿಫಾರಸು ಮಾಡುತ್ತದೆ, ಒಂದು ಡೆಸಿಬಲ್ ಅತ್ತಿತ್ತ ಆದರೆ ತೊಂದರೆಯಿಲ್ಲ. ಅತಿ ಎತ್ತರದ ಶಿಖರ ಮೈನಸ್ 1 ಡೆಸಿಬಲ್ ದಾಟಬಾರದು. ಸ್ಪಾಟಿಫೈ ಹೇಳುವುದು ಮೈನಸ್ 14. ಸ್ಟೀರಿಯೋ ಬದಲು ಮೋನೋ ಫೈಲ್ ಮಾಡುವವರು ನೆನಪಿಡಬೇಕಾದ ಮಾತು ಇನ್ನೊಂದಿದೆ. ಮೋನೋ ಫೈಲಿನ ಒಂದೇ ಚಾನೆಲನ್ನು ಮೀಟರ್ ಲೆಕ್ಕ ಹಾಕುತ್ತದೆ, ಆದರೆ ಕೇಳುಗನಿಗೆ ಅದು ಎರಡೂ ಕಿವಿಗಳಲ್ಲಿ ಕೇಳುತ್ತದೆ. ಹಾಗಾಗಿ ಮೋನೋದಲ್ಲಿ ಮೈನಸ್ 19 ತೋರಿಸಿದರೆ ಅದು ಸ್ಟೀರಿಯೋದ ಮೈನಸ್ 16ಕ್ಕೆ ಸಮ.

ಈ ಅಂಕಿಗಳನ್ನು ಮುಟ್ಟುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಎಡಿಟ್ ಮುಗಿದ ಸ್ಟೀರಿಯೋ ಸಂಚಿಕೆಯೊಂದು ಮೀಟರಿನಲ್ಲಿ ಮೈನಸ್ 24 ತೋರಿಸುತ್ತಿದೆ, ಅದರ ಅತಿ ಎತ್ತರದ ಶಿಖರ ಮೈನಸ್ 6 ಡೆಸಿಬಲ್‌ನಲ್ಲಿದೆ ಎಂದುಕೊಳ್ಳಿ. ಮೈನಸ್ 16ಕ್ಕೆ ತರಲು 8 ಡೆಸಿಬಲ್ ಏರಿಸಬೇಕು. ಹಾಗೇ ಏರಿಸಿದರೆ ಶಿಖರ ಸೊನ್ನೆಯನ್ನು ದಾಟಿ 2 ಡೆಸಿಬಲ್ ಮೇಲೆ ಹೋಗುತ್ತದೆ, ಅಲೆಯ ತಲೆ ಕತ್ತರಿಸಿ ಹೋಗಿ ಧ್ವನಿ ಒಡೆಯುತ್ತದೆ. ಆದ್ದರಿಂದ ಮೊದಲು 80 ಹರ್ಟ್ಸ್‌ನಿಂದ ಕೆಳಗಿನ ಗುಡುಗನ್ನು ಫಿಲ್ಟರ್ ಹಾಕಿ ತೆಗೆಯುತ್ತಾರೆ. ಆಮೇಲೆ ಜೋರು ಮಾತು ಮತ್ತು ಮೆಲು ಮಾತಿನ ಅಂತರವನ್ನು ಕಂಪ್ರೆಸರ್‌ನಿಂದ ಕಡಿಮೆ ಮಾಡುತ್ತಾರೆ, ಮಾತಿಗೆ ಮೂರಕ್ಕೆ ಒಂದರ ಅನುಪಾತ ಸಾಮಾನ್ಯವಾಗಿ ಸಾಕು. ನಂತರ ಬೇಕಾದ ಮಟ್ಟಕ್ಕೆ ಏರಿಸಿ, ಉಳಿದ ಶಿಖರಗಳನ್ನು ಲಿಮಿಟರ್‌ನಿಂದ ಮೈನಸ್ 1ರಲ್ಲಿ ತಡೆದು, ಕೊನೆಗೊಮ್ಮೆ ಅಳೆದು ನೋಡುತ್ತಾರೆ. ಇಷ್ಟು ಹೆಜ್ಜೆಗಳಿಗೆ ಬೇಕಾದ ಹೆಚ್ಚುಕಡಿಮೆ ಎಲ್ಲ ಸಾಮಗ್ರಿ ಆಡಾಸಿಟಿಯಲ್ಲಿ ಉಚಿತವಾಗಿ ಇದೆ, ಮೋನೋದ ಲೆಕ್ಕವನ್ನು ಸರಿದೂಗಿಸುವ ಆಯ್ಕೆಯೂ ಸೇರಿ. ರೀಪರ್‌ನಲ್ಲಿ ಫೈಲ್ ಹೊರತೆಗೆಯುವಾಗಲೇ ಗುರಿ ಮಟ್ಟ ನಮೂದಿಸಬಹುದು. ಆಡಿಷನ್‌ನಲ್ಲಿ ಇದಕ್ಕೆಂದೇ ಒಂದು ಫಲಕವಿದೆ. ಯೂಲೀನ್ ಎಂಬ ಉಚಿತ ಮೀಟರ್ ಪ್ಲಗಿನ್ ಹಾಕಿಕೊಂಡರೆ ಗ್ಯಾರೇಜ್‌ಬ್ಯಾಂಡ್‌ನಲ್ಲೂ ಅಳೆಯಬಹುದು. ಇದ್ಯಾವುದೂ ಬೇಡವೆಂದರೆ ಆಸ್ಟ್ರಿಯಾದ ಆಫೊನಿಕ್ ಸೇವೆಗೆ ಫೈಲ್ ಏರಿಸಿದರೆ ಸಾಕು, ಎಲ್ಲವನ್ನೂ ತಾನೇ ಮಾಡಿಕೊಡುತ್ತದೆ. ತಿಂಗಳಿಗೆ ಎರಡು ಗಂಟೆಯ ಧ್ವನಿಗೆ ಅಲ್ಲಿ ಶುಲ್ಕವಿಲ್ಲ. ಗುರಿ ಒಂದೇ, ಅಳತೆ ಒಂದೇ ಆದಾಗ ಮಾಸ್ಟರಿಂಗ್ ನೆಪದಲ್ಲಿ ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಕಾರಣ ಉಳಿಯುವುದಿಲ್ಲ.

ಉಳಿದದ್ದು ಕತ್ತರಿ. ಮಾತನ್ನು ಎಡಿಟ್ ಮಾಡುವುದೆಂದರೆ ಏನು ಎಂಬುದು ಟೇಪಿನ ಕಾಲದ ರೇಡಿಯೋ ಕೆಲಸ ಬಲ್ಲವರಿಗೆ ಗೊತ್ತು. ಕಾಲು ಇಂಚು ಅಗಲದ ಟೇಪು ಸೆಕೆಂಡಿಗೆ ಏಳೂವರೆ ಇಂಚು, ಅಂದರೆ 19 ಸೆಂಟಿಮೀಟರ್, ವೇಗದಲ್ಲಿ ಓಡುತ್ತಿತ್ತು. ಅರ್ಧ ಸೆಕೆಂಡಿನ ಕೆಮ್ಮು ತೆಗೆಯಲು ಕೈಯಿಂದ ರೀಲನ್ನು ಹಿಂದೆ ಮುಂದೆ ತಿರುಗಿಸಿ, ಕೆಮ್ಮಿನ ಮೊದಲು ಕೊನೆಗೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಒಂಬತ್ತೂವರೆ ಸೆಂಟಿಮೀಟರ್ ತುಂಡನ್ನು ಬಿಸಾಡಿ, ಎರಡು ತುದಿಗಳನ್ನು ಅಂಟುಪಟ್ಟಿಯಿಂದ ಸೇರಿಸಬೇಕಿತ್ತು. ಬ್ಲೇಡು ತಪ್ಪಿದರೆ ಮೂಲವೇ ಹಾಳು. ಇಂದಿನ ಸಾಫ್ಟ್‌ವೇರ್‌ಗಳು ಮಾಡುವುದೂ ಇದೇ ಕೆಲಸವನ್ನು. ಕೆಮ್ಮು, ತಡವರಿಕೆ, ಎರಡೆರಡು ಬಾರಿ ಬಂದ ವಾಕ್ಯ, ವಿಷಯ ಬಿಟ್ಟು ಅಲೆದ ಮಾತು, ಇವನ್ನು ತೆಗೆದು ಉಳಿದದ್ದನ್ನು ಹೊಲಿಗೆ ಕಾಣದಂತೆ ಜೋಡಿಸಬೇಕು. ಒಂದು ಗಂಟೆಯ ಸಂದರ್ಶನದಲ್ಲಿ ಇಂಥ ನೂರಾರು ಕತ್ತರಿಗಳು ಬೀಳಬಹುದು. ಒಂದೊಂದು ಕತ್ತರಿಗೆ ಐದು ಸೆಕೆಂಡ್ ಬೇಕೋ ಇಪ್ಪತ್ತು ಸೆಕೆಂಡ್ ಬೇಕೋ ಎಂಬುದರ ಮೇಲೆ ವಾರದ ಸಂಚಿಕೆ ವಾರಕ್ಕೆ ಬರುತ್ತದೋ ಇಲ್ಲವೋ ನಿಂತಿರುತ್ತದೆ. ಉತ್ಸಾಹದಿಂದ ಶುರುವಾದ ಎಷ್ಟೋ ಪಾಡ್‌ಕಾಸ್ಟ್‌ಗಳು ಕೆಲವು ಸಂಚಿಕೆಗಳಲ್ಲೇ ನಿಲ್ಲುವುದಕ್ಕೆ ಎಡಿಟಿಂಗಿನ ಈ ದಣಿವು ಒಂದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಹಾಗಾದರೆ ಒಳ್ಳೆಯ ಕತ್ತರಿಯನ್ನು ಗುರುತಿಸುವುದು ಹೇಗೆ? ಎರಡು ಲಕ್ಷಣಗಳು ಮುಖ್ಯ. ಮೊದಲನೆಯದು, ಮೂಲ ರೆಕಾರ್ಡಿಂಗನ್ನು ಮುಟ್ಟದೆ ಎಡಿಟ್ ಮಾಡುವ ಗುಣ. ಕತ್ತರಿಸಿದ ಭಾಗ ಅಳಿದುಹೋಗದೆ ಮರೆಯಾಗಿ ಇರಬೇಕು. ತುಂಡಿನ ಅಂಚನ್ನು ಹಿಡಿದು ಎಳೆದರೆ ನುಂಗಿಹೋದ ಅಕ್ಷರ ಮರಳಿ ಬರಬೇಕು. ಎರಡನೆಯದು, ಎಲ್ಲ ಟ್ರ್ಯಾಕ್‌ಗಳನ್ನೂ ಒಟ್ಟಿಗೆ ಸರಿಸುವ ಗುಣ. ಸಂದರ್ಶಕರದ್ದು ಒಂದು ಟ್ರ್ಯಾಕ್, ಅತಿಥಿಯದ್ದು ಇನ್ನೊಂದು ಇರುವಾಗ ಒಂದರಲ್ಲಿ ಮಾತ್ರ ಮೂರು ಸೆಕೆಂಡ್ ಕತ್ತರಿಸಿದರೆ ಅಲ್ಲಿಂದ ಮುಂದೆ ಆ ಟ್ರ್ಯಾಕ್ ಮೂರು ಸೆಕೆಂಡ್ ಮುಂದೆ ಬಂದುಬಿಡುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಶುರುವಾಗುತ್ತದೆ. ರಿಪಲ್ ಎಡಿಟಿಂಗ್ ಎಂದು ಕರೆಯುವ ಸೌಲಭ್ಯ ಇದನ್ನು ತಪ್ಪಿಸಿ, ಒಂದು ಕತ್ತರಿಗೆ ಎಲ್ಲ ಟ್ರ್ಯಾಕ್‌ಗಳೂ ಸಮನಾಗಿ ಸರಿಯುವಂತೆ ಮಾಡುತ್ತದೆ. ಈ ಎರಡು ಲಕ್ಷಣಗಳ ಜೊತೆಗೆ ಕೀಬೋರ್ಡಿನ ಒಂದೊಂದೇ ಗುಂಡಿಯಿಂದ ಕತ್ತರಿಸಿ ಅಳಿಸುವಂತಿದ್ದರೆ ದಿನದ ಕೆಲಸ ಅರ್ಧ ದಿನಕ್ಕೆ ಇಳಿದೀತು.

ಈ ಒರೆಗಲ್ಲಿಗೆ ಹಚ್ಚಿದಾಗ ಪಟ್ಟಿಯ ಹೆಸರುಗಳು ಬೇರೆಯೇ ಕ್ರಮದಲ್ಲಿ ಕಾಣುತ್ತವೆ. ನನ್ನ ಎಣಿಕೆಯಲ್ಲಿ ರೀಪರ್ ಮೊದಲಿಗೆ ಬರುತ್ತದೆ. ಎರಡು ಸಾವಿರದ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲಿ ಹಾಡು ಕೇಳಿದವರೆಲ್ಲ ಬಲ್ಲ ವಿನ್ಯಾಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರದೇ ಈ ಸಾಫ್ಟ್‌ವೇರ್. ಮೂಲವನ್ನು ಮುಟ್ಟದೆ ಎಡಿಟ್ ಮಾಡುವುದು, ಎಲ್ಲ ಟ್ರ್ಯಾಕ್‌ಗಳ ರಿಪಲ್, ಯಾವ ಕೆಲಸಕ್ಕೆ ಯಾವ ಗುಂಡಿ ಎಂದು ನಾವೇ ಗೊತ್ತುಮಾಡುವ ಸ್ವಾತಂತ್ರ್ಯ, ಮೂರೂ ಅದರಲ್ಲಿವೆ. 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ವೈಯಕ್ತಿಕ ಬಳಕೆಗೆ, ಸಣ್ಣ ಆದಾಯದವರಿಗೆ 60 ಡಾಲರ್ ಪರವಾನಗಿ. ಒಮ್ಮೆ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಅದರ ದೊಡ್ಡ ಕೊರತೆ ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುವ ಪರದೆ. ಆಡಾಸಿಟಿ ಉಚಿತ, ಕಲಿಯಲು ಸುಲಭ. ಬಹುಕಾಲ ಅದರಲ್ಲಿ ಹಾಕಿದ ಎಫೆಕ್ಟ್ ನೇರವಾಗಿ ಧ್ವನಿಯ ಮೇಲೇ ಕೆತ್ತಿದಂತೆ ಕೂರುತ್ತಿತ್ತು, 2022ರ 3.2 ಆವೃತ್ತಿಯಿಂದ ನುಡಿಸುತ್ತಲೇ ಬದಲಿಸಬಲ್ಲ ಎಫೆಕ್ಟ್‌ಗಳು ಬಂದವು. ಒಬ್ಬರೇ ಮಾತಾಡುವ ಪಾಡ್‌ಕಾಸ್ಟ್‌ಗೆ ಅದು ಧಾರಾಳವಾಗಿ ಸಾಕು. ಮೂರು ನಾಲ್ಕು ಟ್ರ್ಯಾಕ್‌ಗಳಾದಾಗ ಟ್ರ್ಯಾಕ್‌ಗಳನ್ನು ಒಟ್ಟಿಗೆ ಬಿಗಿಯುವ ಆಯ್ಕೆಯನ್ನು ನೆನಪಿಟ್ಟು ಹಾಕಿಕೊಳ್ಳಬೇಕು. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ, ಆದರೆ ಅದು ಹುಟ್ಟಿದ್ದು ಸಂಗೀತಕ್ಕೆ. ಡೆನ್ಮಾರ್ಕಿನ ಹಿಂಡನ್‌ಬರ್ಗ್ ಹುಟ್ಟಿದ್ದೇ ರೇಡಿಯೋ ಪತ್ರಕರ್ತರಿಗಾಗಿ. ಧ್ವನಿ ಒಳಗೆ ಬರುತ್ತಿದ್ದಂತೆ ಮಟ್ಟವನ್ನು ತಾನೇ ಸರಿಮಾಡುತ್ತದೆ, ಬೆಲೆ ಕೊಡಬಲ್ಲವರಿಗೆ ಒಳ್ಳೆಯ ಆಯ್ಕೆ. ಕೂಲ್ ಎಡಿಟ್ ಪ್ರೊ ಎಂದು ಹೆಸರಾಗಿದ್ದ ಸಾಫ್ಟ್‌ವೇರನ್ನು 2003ರಲ್ಲಿ ಕೊಂಡು ಅಡೋಬಿ ಆಡಿಷನ್ ಮಾಡಿತು. ಅದರ ಕತ್ತರಿ ಚೆನ್ನಾಗಿದೆ, ಆದರೆ ಈಗ ಅದು ಚಂದಾ ಕಟ್ಟುವವರಿಗೆ ಮಾತ್ರ.

ಇಲ್ಲಿ ಬಲವಾದ ಆಕ್ಷೇಪವೊಂದು ಬರುತ್ತದೆ. ಕತ್ತರಿಸುವ ಕೆಲಸವನ್ನೇ ಕೃತಕ ಬುದ್ಧಿಮತ್ತೆ ಮಾಡಿಕೊಡುವ ಕಾಲದಲ್ಲಿ ಈ ಚರ್ಚೆ ಯಾಕೆ ಎಂದು. ಡಿಸ್ಕ್ರಿಪ್ಟ್‌ನಂಥ ಸಾಫ್ಟ್‌ವೇರ್ ಮಾತನ್ನು ಬರಹಕ್ಕೆ ಇಳಿಸಿ ತೋರಿಸುತ್ತದೆ. ಬರಹದಲ್ಲಿ ಒಂದು ವಾಕ್ಯ ಅಳಿಸಿದರೆ ಧ್ವನಿಯಲ್ಲೂ ಅದು ಹೋಗುತ್ತದೆ. ಇಂಗ್ಲಿಷ್ ಪಾಡ್‌ಕಾಸ್ಟ್ ಮಾಡುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ, ಅವರ ಮಟ್ಟಿಗೆ ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಈ ಇಡೀ ವಿಧಾನ ನಿಂತಿರುವುದು ಬರಹ ಸರಿಯಾಗಿರುವುದರ ಮೇಲೆ. ಕನ್ನಡದ ಮಾತನ್ನು ಬರಹಕ್ಕಿಳಿಸುವ ತಂತ್ರಜ್ಞಾನ ಸುಧಾರಿಸುತ್ತಿದ್ದರೂ ಇಂಗ್ಲಿಷಿನ ಮಟ್ಟ ಮುಟ್ಟಿಲ್ಲ. ಧಾರವಾಡ, ಮಂಗಳೂರು, ಕುಂದಾಪುರ, ಕಲಬುರಗಿ, ಮಂಡ್ಯಗಳ ಮಾತಿನ ಧಾಟಿಗಳು, ಒಂದೇ ವಾಕ್ಯದಲ್ಲಿ ಕನ್ನಡದ ಜೊತೆ ಬೆರೆಯುವ ಇಂಗ್ಲಿಷ್, ಸೇರಿಸಿ ಆಡುವ ಉದ್ದುದ್ದ ಪದಗಳು, ಇವೆಲ್ಲ ಯಂತ್ರಕ್ಕೆ ಕಷ್ಟ. ಪದದ ಗಡಿಯನ್ನು ಯಂತ್ರ ತಪ್ಪಾಗಿ ಗುರುತಿಸಿದರೆ ಕತ್ತರಿಯೂ ತಪ್ಪು ಜಾಗದಲ್ಲೇ ಬೀಳುತ್ತದೆ. ಅದನ್ನು ಸರಿಪಡಿಸಲು ಮತ್ತೆ ಅಲೆಯನ್ನು ನೋಡಿ ಕೈಯಿಂದಲೇ ಎಡಿಟ್ ಮಾಡಬೇಕು. ಯಾವ ಪ್ರಶ್ನೆ ಎಲ್ಲಿದೆ ಎಂದು ಹುಡುಕಲು ಈಗಿನ ಕನ್ನಡ ಪಠ್ಯವನ್ನು ಬಳಸಿಕೊಳ್ಳೋಣ. ಕತ್ತರಿಯನ್ನು ಅದರ ಕೈಗೆ ಕೊಡುವ ಹೊತ್ತು ಇನ್ನೂ ಬಂದಿಲ್ಲ.

ಸದ್ದು ತೆಗೆಯುವ ಸ್ವಯಂಚಾಲಿತ ಸಾಧನಗಳ ವಿಷಯದಲ್ಲೂ ಕನ್ನಡದವರು ಹೆಚ್ಚು ಎಚ್ಚರದಿಂದ ಇರಬೇಕು. ಇದಕ್ಕೆ ಕಾರಣ ನಮ್ಮ ಭಾಷೆಯ ಕಟ್ಟಡದಲ್ಲೇ ಇದೆ. ನಾಯ್ಸ್ ಗೇಟ್ ಎಂಬುದು ಧ್ವನಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿದಾಗ ಬಾಗಿಲು ಮುಚ್ಚುವ ಸಾಧನ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಉಸಿರು ಮುಗಿಯುತ್ತ, ದನಿ ಇಳಿಯುತ್ತ ನಾವು ಆಡುವುದು ಅದನ್ನೇ. ಬರ್ತಾನೆ, ಬರ್ತಾಳೆ, ಬರ್ತಾರೆ ಎಂಬ ಮೂರರ ನಡುವಿನ ವ್ಯತ್ಯಾಸ ಇರುವುದು ಕೊನೆಯ ಅಕ್ಷರದಲ್ಲಿ. ಗೇಟಿನ ಮಟ್ಟ ತುಸು ಮೇಲಿದ್ದರೂ ಆ ಅಕ್ಷರವೇ ತುಂಡಾಗಿ, ಬರುವವರು ಯಾರು ಎಂದು ಕೇಳುಗ ಊಹಿಸಬೇಕಾಗುತ್ತದೆ. ಆಡಾಸಿಟಿಯಲ್ಲಿರುವಂಥ ನಾಯ್ಸ್ ರಿಡಕ್ಷನ್, ಮಾತಿಲ್ಲದ ಕಡೆಯ ಒಂದೆರಡು ಸೆಕೆಂಡಿನ ಸದ್ದನ್ನು ಮಾದರಿಯಾಗಿ ತೆಗೆದುಕೊಂಡು ಉಳಿದೆಡೆ ಅದನ್ನು ಕಳೆಯುತ್ತದೆ. 6ರಿಂದ 12 ಡೆಸಿಬಲ್‌ವರೆಗೆ ಕಳೆದರೆ ಸಾಕು. ಅದಕ್ಕೂ ಮೀರಿ ಕಳೆದರೆ ನೀರಿನೊಳಗಿನಿಂದ ಮಾತಾಡಿದಂಥ ಧ್ವನಿ ಬರುತ್ತದೆ, ಶ, ಷ, ಸಗಳ ಉಸಿರಿನ ಭಾಗವೂ ಸದ್ದಿನ ಜೊತೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಇನ್ನೂ ಮುಂದೆ ಹೋಗಿ ಧ್ವನಿಯನ್ನೇ ಹೊಸದಾಗಿ ಕಟ್ಟಿಕೊಡುತ್ತವೆ. ಮಾತು ಅಸ್ಪಷ್ಟವಾಗಿರುವಲ್ಲಿ ಅವು ಊಹಿಸುತ್ತವೆ, ಊಹೆ ತಪ್ಪಿದರೆ ಅತಿಥಿ ಆಡದ ಅಕ್ಷರ ಅತಿಥಿಯ ದನಿಯಲ್ಲೇ ಕೇಳುತ್ತದೆ. ಹಿರಿಯರ ನೆನಪುಗಳನ್ನು, ಜನಪದ ಕಲಾವಿದರ ಮಾತನ್ನು ದಾಖಲಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಳಸುವುದಾದರೆ ಹೆಡ್‌ಫೋನ್ ಹಾಕಿಕೊಂಡು ಮೂಲದ ಜೊತೆ ಹೋಲಿಸಿ ಕೇಳಿ, ಮೂಲವನ್ನು ಜೋಪಾನವಾಗಿ ಇಟ್ಟುಕೊಂಡೇ ಬಳಸಬೇಕು.

ಇನ್ನೊಂದು ಆಕ್ಷೇಪ, ವೃತ್ತಿಪರರು ಪ್ರೊ ಟೂಲ್ಸ್ ಬಳಸುತ್ತಾರಲ್ಲ ಎಂಬುದು. ಸಿನಿಮಾ, ಸಂಗೀತದ ಸ್ಟುಡಿಯೋಗಳಲ್ಲಿ ಅದು ಬೇರೂರಿರುವುದು ನಿಜ. ನಿಮ್ಮ ಕೆಲಸವನ್ನು ಅಂಥ ಸ್ಟುಡಿಯೋಗೆ ಪ್ರಾಜೆಕ್ಟ್ ಸಮೇತ ಒಪ್ಪಿಸಬೇಕಿದ್ದರೆ, ಅಥವಾ ಆ ಕ್ಷೇತ್ರದಲ್ಲಿ ಉದ್ಯೋಗ ಹುಡುಕುವ ಉದ್ದೇಶವಿದ್ದರೆ ಅದನ್ನು ಕಲಿಯುವುದು ಸರಿ. ಆದರೆ ಅದರ ಶಕ್ತಿಯ ಬಹುಪಾಲು ನೂರಾರು ಟ್ರ್ಯಾಕ್‌ಗಳ ಮಿಶ್ರಣಕ್ಕೆ, ಚಿತ್ರದ ಜೊತೆ ಧ್ವನಿ ಹೊಂದಿಸುವುದಕ್ಕೆ ಮೀಸಲು. ಇಬ್ಬರ ಮಾತುಕತೆ, ಆರಂಭಕ್ಕೊಂದು ಸಂಗೀತದ ತುಣುಕು, ಕೊನೆಗೆ 64 ಕೆಬಿಪಿಎಸ್‌ನ ಮೋನೋ ಎಂಪಿ3 ಫೈಲ್, ಗಂಟೆಗೆ ಸುಮಾರು 29 ಎಂಬಿ, ಇಷ್ಟು ಬೇಕಾದವರು ಅದರ ಬೆಲೆಯನ್ನೂ ಕಲಿಕೆಯ ತಿಂಗಳುಗಳನ್ನೂ ಹೊರುವುದರಲ್ಲಿ ಅರ್ಥವಿಲ್ಲ.

ಉಚಿತ ಸಾಫ್ಟ್‌ವೇರನ್ನು ನಂಬಬಹುದೇ ಎಂದು ಕೇಳುವವರೂ ಇದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದ ಆಡಾಸಿಟಿಯನ್ನು 2021ರಲ್ಲಿ ಮ್ಯೂಸ್ ಗ್ರೂಪ್ ವಹಿಸಿಕೊಂಡಿತು. ಬಳಕೆದಾರರ ಮಾಹಿತಿ ಸಂಗ್ರಹದ ಬಗ್ಗೆ ಆ ವರ್ಷ ಪ್ರಕಟವಾದ ನೀತಿಗೆ ತೀವ್ರ ವಿರೋಧ ಬಂದು, ಸಂಸ್ಥೆ ಅದನ್ನು ತಿದ್ದಬೇಕಾಯಿತು. ಮೂಲ ಕೋಡ್ ಎಲ್ಲರಿಗೂ ತೆರೆದಿದ್ದರಿಂದಲೇ ಅದರೊಳಗೆ ಏನಿದೆ ಎಂದು ಹೊರಗಿನವರು ಓದಿ ನೋಡಲು, ಬೇಸರಗೊಂಡವರು ಪ್ರತ್ಯೇಕ ಆವೃತ್ತಿ ಕಟ್ಟಲು ಸಾಧ್ಯವಾಯಿತು. ಮುಚ್ಚಿದ ಸಾಫ್ಟ್‌ವೇರ್‌ನಲ್ಲಿ ಆ ದಾರಿಯೇ ಇರುವುದಿಲ್ಲ. ಹಾಗೆಂದು ಉಚಿತವಾದದ್ದರಲ್ಲಿ ಅಪಾಯವೇ ಇಲ್ಲ ಎಂದಲ್ಲ. 2021ರ 3.0 ಆವೃತ್ತಿಗೆ ಮೊದಲು ಆಡಾಸಿಟಿಯ ಪ್ರಾಜೆಕ್ಟ್ ಒಂದು ಸಣ್ಣ ಫೈಲ್ ಮತ್ತು ಧ್ವನಿಯ ತುಣುಕುಗಳು ತುಂಬಿದ ಒಂದು ಫೋಲ್ಡರ್ ಆಗಿ ಎರಡು ಕಡೆ ಇರುತ್ತಿತ್ತು. ಫೋಲ್ಡರ್ ಬಿಟ್ಟು ಫೈಲ್ ಮಾತ್ರ ನಕಲು ಮಾಡಿಕೊಂಡವರಿಗೆ ಕೊನೆಗೆ ಧ್ವನಿಯೇ ಸಿಗುತ್ತಿರಲಿಲ್ಲ. ಚಂದಾ ಸಾಫ್ಟ್‌ವೇರ್‌ಗಳಲ್ಲಿ ಅಪಾಯ ಬೇರೆ ಬಗೆಯದು. ಚಂದಾ ನಿಲ್ಲಿಸಿದ ದಿನ ಹಳೆಯ ಪ್ರಾಜೆಕ್ಟ್‌ಗಳನ್ನು ಅದೇ ಸಾಫ್ಟ್‌ವೇರ್‌ನಲ್ಲಿ ತೆರೆಯುವ ಹಾದಿ ಮುಚ್ಚುತ್ತದೆ. ಎರಡಕ್ಕೂ ಪರಿಹಾರ ಒಂದೇ. ಸಂಚಿಕೆ ಮುಗಿದ ಕೂಡಲೇ ಪ್ರತಿಯೊಬ್ಬರ ಮೂಲ ಟ್ರ್ಯಾಕನ್ನೂ, ಮುಗಿದ ರೂಪವನ್ನೂ ವೇವ್ ಫೈಲ್‌ಗಳಾಗಿ ಎರಡು ಕಡೆ ಇಟ್ಟುಕೊಳ್ಳಬೇಕು. ವೇವ್ ಫೈಲನ್ನು ತೆರೆಯಲಾರದ ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲ.

ಹೀಗೆ ನೋಡಿದಾಗ ಆಯ್ಕೆಯ ಕ್ರಮ ಸರಳ. ಒಬ್ಬರೇ ಮಾತಾಡುವ ಪಾಡ್‌ಕಾಸ್ಟ್ ಆದರೆ ಆಡಾಸಿಟಿಯಿಂದ ಶುರು ಮಾಡಿ. ಇಬ್ಬರು ಮೂವರ ಮಾತುಕತೆಯಾದರೆ, ವಾರಕ್ಕೊಂದು ಸಂಚಿಕೆ ತರುವ ಉದ್ದೇಶವಿದ್ದರೆ ರೀಪರ್ ಕಲಿಯಲು ಒಂದೆರಡು ವಾರ ಮೀಸಲಿಡಿ. ಅಡೋಬಿಯ ಚಂದಾ ಬೇರೆ ಕೆಲಸಕ್ಕೆ ಈಗಾಗಲೇ ಕಟ್ಟುತ್ತಿದ್ದು, ಅದರಲ್ಲಿ ಆಡಿಷನ್ ಕೂಡ ಸೇರಿದ್ದರೆ ಅದನ್ನೇ ಬಳಸಿ. ಯಾವುದಕ್ಕೂ ಹಣ ಕೊಡುವ ಮೊದಲು ನಿಮ್ಮದೇ ಹತ್ತು ನಿಮಿಷದ ಕನ್ನಡ ರೆಕಾರ್ಡಿಂಗನ್ನು ಎರಡು ಸಾಫ್ಟ್‌ವೇರ್‌ಗಳಲ್ಲಿ ಎಡಿಟ್ ಮಾಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಯಾವುದರಲ್ಲಿ ಬೇಗ ಮುಗಿದು, ವಾಕ್ಯದ ಕೊನೆಯ ಅಕ್ಷರ ಉಳಿಯಿತೋ ಅದೇ ನಿಮ್ಮ ಸಾಫ್ಟ್‌ವೇರ್. ಉಳಿಸಿದ ಹಣದಲ್ಲಿ ಮೊದಲು ಕೋಣೆಗೆ ದಪ್ಪ ಪರದೆ ಹಾಕಿಸಿ.